ಅಂಗೈಯಲ್ಲಿ ತೂಗಿದ ವಿಮಾನ

ಒವಿಡಿಯೋ ಲೋರ್ ತಕ್ಕಡಿಯನ್ನು ನಂಬುವುದಿಲ್ಲ ಎಂದು ಸಾಮಿಲ್ಲಿನಲ್ಲಿ ಹೇಳುವವರಿದ್ದರು. ಅದು ಸರಿಯಲ್ಲ. ತಕ್ಕಡಿ ನಿಧಾನ ಎಂಬುದಷ್ಟೇ ಅವನ ತಕರಾರು.

ಕೆವೆದೊ ಊರು ದಾಟಿ, ಬಾಳೆತೋಟಗಳ ನಡುವೆ ನದಿಯ ಕಡೆಗೆ ಇಳಿಯುವ ರಸ್ತೆಯಲ್ಲಿ ದೋನ್ ಬೆಲಿಸಾರಿಯೋ ಇಂತ್ರಿಯಾಗೊ ಅವರ ಸಾಮಿಲ್ಲು ಇದೆ. ಅಲ್ಲಿ ಕೊಯ್ಯುವುದು ಬಾಲ್ಸಾ ಮರ ಒಂದನ್ನೇ. ಒಣಗಿದ ಬಾಲ್ಸಾ ಎಂದರೆ ಎಲ್ಲವೂ ಹಗುರವೇ, ಆದರೆ ಹಗುರಗಳಲ್ಲೂ ವ್ಯತ್ಯಾಸವಿದೆ. ಒಂದೇ ಮರದ ಎರಡು ಹಲಗೆಗಳಲ್ಲಿ ಒಂದು ಇನ್ನೊಂದರ ಎರಡು ಪಟ್ಟು ತೂಗುವುದುಂಟು. ಅವನ್ನು ಬೇರ್ಪಡಿಸುವುದೇ ಒವಿಡಿಯೋನ ಕೆಲಸ. ಹಲಗೆಯನ್ನು ಅಂಗೈ ಮೇಲೆ ಮಲಗಿಸಿ ಒಮ್ಮೆ ಮೆಲ್ಲಗೆ ಕುಣಿಸುತ್ತಿದ್ದ, ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟುತ್ತಿದ್ದ, ಅಂಚಿಗೆ ಹೆಬ್ಬೆರಳ ಉಗುರು ಒತ್ತಿ ನೋಡುತ್ತಿದ್ದ. ಮೂರು ಸೆಕೆಂಡಿನಲ್ಲಿ ಅದು ಮೂರು ರಾಶಿಗಳಲ್ಲಿ ಒಂದಕ್ಕೆ ಸೇರಿರುತ್ತಿತ್ತು. ಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲ, ಎರಡು ಮಿಲಿಮೀಟರ್ ದಪ್ಪದ ಹಾಳೆ ಇಪ್ಪತ್ತು ಗ್ರಾಂ ಆಸುಪಾಸಿನಲ್ಲಿದ್ದರೆ ಹಗುರ, ಮೂವತ್ತೆರಡಾದರೆ ನಡು, ನಲವತ್ತು ದಾಟಿದರೆ ಭಾರ. ಒಮ್ಮೆ ಕಚೇರಿಯವರು ನೂರು ಹಾಳೆಗಳನ್ನು ಅವನಿಂದ ವಿಂಗಡಣೆ ಮಾಡಿಸಿ, ಆಮೇಲೆ ತಕ್ಕಡಿಯಲ್ಲಿ ತೂಗಿದರು. ಎರಡು ತಪ್ಪು ಸಿಕ್ಕವು. ಅವುಗಳಲ್ಲಿ ಒಂದು ತಕ್ಕಡಿಯದು. ತಟ್ಟೆಯ ಕೆಳಗೆ ಒದ್ದೆ ಬಟ್ಟೆಯ ಚೂರೊಂದು ಸಿಕ್ಕಿಕೊಂಡಿತ್ತು.

ಇಪ್ಪತ್ತೈದು ವರ್ಷ ಹೀಗೆ ಕಳೆಯಿತು. ಹಗುರದ ರಾಶಿ ಪೆಟ್ಟಿಗೆ ಸೇರಿ ಹಡಗು ಹತ್ತುತ್ತಿತ್ತು. ಅದರಿಂದ ಆಟದ ವಿಮಾನಗಳನ್ನು ಮಾಡುತ್ತಾರೆಂದು ಅವನು ಕೇಳಿದ್ದ. ಒಂದನ್ನೂ ನೋಡಿರಲಿಲ್ಲ.

ಆಮೇಲೆ ಗಾಳಿಯಂತ್ರಗಳ ಕಾಲ ಬಂತು. ಎಲ್ಲೋ ದೂರದ ಸಮುದ್ರದಲ್ಲಿ ನಿಲ್ಲಿಸುವ ದೈತ್ಯ ಯಂತ್ರಗಳ ರೆಕ್ಕೆಯೊಳಗೆ ತುಂಬಲು ಬಾಲ್ಸಾ ಬೇಕಾಯಿತು, ಅದೂ ಲಾರಿಗಟ್ಟಲೆ. ಆ ಕೊಳ್ಳುವವರಿಗೆ ವಿಂಗಡಣೆ ಬೇಡ. ಹಲಗೆಗಳನ್ನು ಒಟ್ಟಿಗೆ ಅಂಟಿಸಿ ದೊಡ್ಡ ದಿಂಡು ಮಾಡಿ ಕೊಟ್ಟರೆ ಸಾಕು, ಹಗುರ ಭಾರ ಎಲ್ಲ ಅದರೊಳಗೇ ಸರಿದೂಗುತ್ತದೆ. ಆರು ವಿಂಗಡಣೆ ಮೇಜುಗಳಿದ್ದದ್ದು ಎರಡು ವರ್ಷಗಳಲ್ಲಿ ಒಂದಾಯಿತು. ಉಳಿದ ಐವರು ವಿಂಗಡಣೆಯವರು ಅಂಟಿನ ಶೆಡ್ಡಿಗೆ ಹೋದರು. ಅಲ್ಲಿ ಎರಡು ತಿಂಗಳು ಕಳೆದವರ ಬೆರಳ ತುದಿಗಳು ಹುರುಪೆ ಕಟ್ಟಿ, ಒಡೆದು, ಮತ್ತೆ ಹುರುಪೆ ಕಟ್ಟುತ್ತಿದ್ದವು. ಒವಿಡಿಯೋ ಅವರ ಕೈ ಕುಲುಕುವಾಗ ಅದನ್ನೇ ಗಮನಿಸುತ್ತಿದ್ದ. ಮರದ ಕಾಂಡ ಮುಟ್ಟಿದ ಹಾಗಿರುತ್ತಿತ್ತು.

"ನಿನ್ನ ಮೇಜಿಗೂ ದಿನ ಬಂತು ಕಣೋ," ಎನ್ನುತ್ತಿದ್ದ ಗರಗಸದ ಕ್ಲೆಬರ್, ದಿನಕ್ಕೆ ಎರಡು ಸಲವಾದರೂ. "ಅಂಟಿನ ಶೆಡ್ಡಲ್ಲಿ ನಿಂಗೆ ಒಂದು ಬಕೆಟ್ ತೆಗೆದಿಟ್ಟಿದಾರೆ, ಹೆಸರು ಬರೆದು."

"ನನ್ನ ಹೆಸರು ಬರೆಯೋಕೆ ಬರೋರು ಯಾರಿದಾರೆ ಅಲ್ಲಿ?" ಎಂದು ಒವಿಡಿಯೋ ಹಲಗೆ ಕುಣಿಸುತ್ತಲೇ ಕೇಳುತ್ತಿದ್ದ.

ಮೇಜನ್ನು ಉಳಿಸುವ ಯೋಚನೆ ಇಂಜಿನಿಯರ್ ಗಾಲೊನದು. ಅವನು ದೋನ್ ಬೆಲಿಸಾರಿಯೋ ಅವರ ತಂಗಿಯ ಮಗ. ವಾರವಿಡೀ ಸಾಮಿಲ್ಲಿನಲ್ಲಿ ಮರ ಒಣಗಿಸುವ ಗೂಡುಗಳನ್ನು ನೋಡಿಕೊಳ್ಳುತ್ತಿದ್ದ, ಭಾನುವಾರ ಗ್ವಾಯಾಕಿಲ್‌ಗೆ ಹೋಗಿ ರಿಮೋಟಿನಿಂದ ಆಡಿಸುವ ವಿಮಾನಗಳನ್ನು ಹಾರಿಸುತ್ತಿದ್ದ. ಆಗಸ್ಟಿನಲ್ಲಿ ಪರದೇಶದ ಖರೀದಿದಾರನೊಬ್ಬ ಬರುವವನಿದ್ದ. ಅವನಿಗೆ ಬೇಕಾದದ್ದು ಆಟದ ವಿಮಾನದ ಮರ, ವಿಂಗಡಿಸಿದ್ದು. ಗಾಲೊ ಮಾವನ ಮುಂದೆ ಕೂತು ವಿವರಿಸಿದ: ಪರದೇಶದಿಂದ ಆಟದ ವಿಮಾನ ಕಟ್ಟುವ ಕಿಟ್ ಒಂದನ್ನು ತರಿಸೋಣ. ಅದರ ನಕ್ಷೆಯ ಪ್ರಕಾರವೇ ಕಟ್ಟೋಣ, ಆದರೆ ನಮ್ಮ ಒವಿಡಿಯೋ ಮೇಸ್ತ್ರಿ ಆರಿಸಿದ ಮರದಿಂದ. ಖರೀದಿದಾರನ ಕಣ್ಣೆದುರು ಹಾರಿಸೋಣ.

ದೋನ್ ಬೆಲಿಸಾರಿಯೋ ಕಾಫಿ ಲೋಟ ಕೆಳಗಿಟ್ಟರು. "ಹಾರಿದ್ರೆ ಮೇಜು ಇರ್ಲಿ, ಇನ್ನೆರಡು ಮೇಜೂ ಹಾಕೋಣ. ಬಿತ್ತು ಅಂದ್ರೆ ಆ ಜಾಗದಲ್ಲಿ ಅಂಟಿನ ಯಂತ್ರ. ಆಮೇಲೆ ನನ್ನ ತಲೆ ತಿನ್ನಬಾರ್ದು."

ಬಾಗಿಲ ಬಳಿ ನಿಂತಿದ್ದ ಒವಿಡಿಯೋ ಈ ಮಾತನ್ನು ಕಿವಿಯಾರೆ ಕೇಳಿದ.

ಕಿಟ್ ಮೇ ತಿಂಗಳಲ್ಲಿ ಬಂತು. ಒವಿಡಿಯೋ ಅದನ್ನು ಮನೆಗೆ ತಂದು ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿದ. ಕತ್ತರಿಸಿದ ಗುರುತುಗಳಿದ್ದ ತೆಳು ಹಾಳೆಗಳು, ಉದ್ದನೆಯ ಪಟ್ಟಿಗಳು, ಮಡಚಿದ ದೊಡ್ಡ ನಕ್ಷೆ. ಅವನು ಮೊದಲು ಮಾಡಿದ್ದು ಇಪ್ಪತ್ತೇಳು ವರ್ಷ ಮಾಡಿದ್ದನ್ನೇ. ಒಂದೊಂದೇ ಹಾಳೆಯನ್ನು ಅಂಗೈ ಮೇಲಿಟ್ಟು ಕುಣಿಸಿದ. ಮೂರನೆಯದಕ್ಕೆ ಮುಖ ಗಂಟಾಯಿತು. ಐದನೆಯದಕ್ಕೆ ಕುರ್ಚಿ ಎಳೆದುಕೊಂಡು ಕೂತ.

"ಏನಾಯ್ತು ಮುದುಕಾ?" ಎಂದಳು ಅವನ ಹೆಂಡತಿ ತಾರ್ಹೇಲಿಯಾ, ಬೆಂದ ಬಾಳೆಕಾಯಿಯನ್ನು ಜಜ್ಜುತ್ತ.

"ಬಾಲಕ್ಕೆ ಭಾರದ್ದು ಹಾಕಿದಾರೆ. ರೆಕ್ಕೆಯ ಮುಖ್ಯ ಪಟ್ಟಿಗೆ ಬತ್ತಿಯ ಹಾಗಿರೋ ಮೆತ್ತನೆಯದು. ಎಲ್ಲಾ ಉಲ್ಟಾ."

"ಅದಕ್ಕೇನೀಗ?"

"ಏನೀಗ ಅಂದ್ರೆ? ಈ ಮರ ನಮ್ಮ ಕಡೆಯದೇ. ನಾನು ಇಲ್ಲಿ ಮೂರು ರಾಶಿ ಮಾಡಿ ಕಳಿಸ್ತೀನಿ, ಅವರು ಅಲ್ಲಿ ಮೂರನ್ನೂ ಕೂಡಿಸಿ ಪೆಟ್ಟಿಗೆಗೆ ಹಾಕ್ತಾರೆ!"

ತಾರ್ಹೇಲಿಯಾ ಜಜ್ಜುವುದನ್ನು ನಿಲ್ಲಿಸಿ, "ಇಪ್ಪತ್ತೇಳು ವರ್ಷವೂ?" ಎಂದು ಕೇಳಿದಳು. ಅವನು ಹಾಳೆಗಳನ್ನು ಮತ್ತೆ ಪೆಟ್ಟಿಗೆಗೆ ತುಂಬಿದ.

ಮರುದಿನದಿಂದ ಕೆಲಸ ಶುರುವಾಯಿತು. ರೆಕ್ಕೆ ಕಟ್ಟಲು ಸಮತಟ್ಟಾದ ಹಾಸು ಬೇಕು. ಒಂದು ಮಿಲಿಮೀಟರ್ ತಿರುಚಿಕೊಂಡರೂ ವಿಮಾನ ಒಂದು ಪಕ್ಕಕ್ಕೆ ವಾಲುತ್ತದೆ. ಮನೆಯಲ್ಲಿ ಸಮತಟ್ಟಾಗಿದ್ದದ್ದು ಅಡುಗೆಮನೆಯ ಬಾಗಿಲು ಒಂದೇ. ಅದನ್ನು ಕೀಲಿನಿಂದ ಬಿಚ್ಚಿ ಎರಡು ಪೀಪಾಯಿಗಳ ಮೇಲೆ ಮಲಗಿಸಿದ. ಮೇಲೆ ನಕ್ಷೆ ಹರಡಿ, ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಸಿ, ಗುಂಡುಸೂಜಿ ಚುಚ್ಚಿ, ತಾನೇ ಆರಿಸಿ ತಂದ ಹಾಳೆಗಳಿಂದ ರೆಕ್ಕೆಯ ಪಕ್ಕೆಲುಬುಗಳನ್ನು ಕತ್ತರಿಸಿ ಸಾಲಾಗಿ ನಿಲ್ಲಿಸಿದ. ಮುಖ್ಯ ಪಟ್ಟಿಗೆ ನಡುರಾಶಿಯ ಗಟ್ಟಿ ಎಳೆಯ ಮರ, ಪಕ್ಕೆಲುಬಿಗೆ ಹಗುರದ್ದು, ಬಾಲಕ್ಕೆ ಹಗುರದಲ್ಲೂ ಹಗುರದ್ದು. ಮೂಗು ಗಿಡ್ಡ, ಬಾಲ ಉದ್ದ. ಬಾಲದಲ್ಲಿ ಒಂದು ಗ್ರಾಂ ಉಳಿಸಿದರೆ ಮೂಗಿನಲ್ಲಿ ಮೂರು ಗ್ರಾಂ ಉಳಿಯುತ್ತದೆ ಎಂದು ಗಾಲೊ ಹೇಳಿಕೊಟ್ಟಿದ್ದ. ಲೆಕ್ಕ ಒವಿಡಿಯೋನ ತಲೆಗಿಂತ ಮೊದಲು ಕೈಗೆ ಹತ್ತಿತು.

ಬಾಗಿಲಿಲ್ಲದ ಅಡುಗೆಮನೆಗೆ ಮೂರು ತಿಂಗಳು ಪಕ್ಕದ ಮನೆಯ ಕೋಳಿಗಳು ತಮ್ಮ ಮನೆಯ ಹಾಗೆ ಬಂದು ಹೋದವು.

"ನಿನ್ನ ವಿಮಾನ ಹಾರುತ್ತೋ ಇಲ್ವೋ ಗೊತ್ತಿಲ್ಲ," ಎಂದು ತಾರ್ಹೇಲಿಯಾ ಪೊರಕೆ ಬೀಸುತ್ತ ಕೂಗುತ್ತಿದ್ದಳು, "ಈ ಕೋಳಿಗಳಂತೂ ಹಾರಿ ಸೀದಾ ನನ್ನ ಪಾತ್ರೆಯೊಳಗೇ ಇಳೀತವೆ!"

ಆದರೆ ರೆಕ್ಕೆಗೆ ಹೊದಿಕೆ ಹಾಕುವ ಹೊತ್ತಿಗೆ ಇಸ್ತ್ರಿ ಪೆಟ್ಟಿಗೆಯನ್ನು ಗಂಡನ ಕೈಯಿಂದ ಕಸಿದುಕೊಂಡವಳು ಅವಳೇ. ಹೊದಿಕೆ ಬಿಸಿಗೆ ಕುಗ್ಗಿ ಬಿಗಿಯಾಗುವ ಬಣ್ಣದ ತೆಳು ಪ್ಲಾಸ್ಟಿಕ್. ಬಿಸಿ ಹೆಚ್ಚಾದರೆ ತೂತು, ಕಡಿಮೆಯಾದರೆ ಸುಕ್ಕು. "ನಿಂಗೆ ಒಂದು ಅಂಗಿ ಇಸ್ತ್ರಿ ಮಾಡೋಕೆ ಬರಲ್ಲ, ಬಂದುಬಿಟ್ಟ ರೆಕ್ಕೆ ಮಾಡೋಕೆ," ಎಂದು ಅವಳು ಎರಡು ಮಧ್ಯಾಹ್ನಗಳಲ್ಲಿ ಹಳದಿ ರೆಕ್ಕೆಯನ್ನು ತಮಟೆಯ ಚರ್ಮದಷ್ಟು ಬಿಗಿಯಾಗಿ ಎಳೆದು ಕೂರಿಸಿದಳು. ಒವಿಡಿಯೋ ಬೆರಳಿನಿಂದ ಒಮ್ಮೆ ತಟ್ಟಿದ. ಸದ್ದು ಕೇಳಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು.

ಕಿಟ್ಟಿನ ಮರದಲ್ಲಿ ಮಾಡಿದ್ದರೆ ಬಾಲ ತೊಂಬತ್ತೆರಡು ಗ್ರಾಂ ಆಗುತ್ತಿತ್ತು. ಒವಿಡಿಯೋನ ಬಾಲ ಐವತ್ತೆಂಟು. ಹಿಂದೆ ಅಷ್ಟು ಹಗುರಾದ ಮೇಲೆ ಮುಂದೆಯೂ ಭಾರ ಬೇಕಿಲ್ಲ. ಹಾಗಾಗಿ ಬ್ಯಾಟರಿಯನ್ನು ನಕ್ಷೆ ಹೇಳಿದ್ದಕ್ಕಿಂತ ಹಿಂದಕ್ಕೆ ಸರಿಸಿ, ಅದರ ಮುಂದೆ ಒಂದು ತೆಳು ಗೋಡೆಯನ್ನು ಅಂಟಿಸಿ ಭದ್ರ ಮಾಡಿದ. ಮುಗಿದಾಗ ಇಡೀ ವಿಮಾನ ನಕ್ಷೆಯಲ್ಲಿ ಬರೆದಿದ್ದಕ್ಕಿಂತ ಮುನ್ನೂರು ಗ್ರಾಂ ಕಡಿಮೆ. ಎರಡೂ ರೆಕ್ಕೆಗಳ ಕೆಳಗೆ ಒಂದೊಂದು ಬೆರಳ ತುದಿ ಇಟ್ಟು ಎತ್ತಿದರೆ ಅದು ಗಾಳಿಯಲ್ಲಿ ಮಟ್ಟವಾಗಿ ನಿಲ್ಲುತ್ತಿತ್ತು, ಮೂಗು ಕೂದಲೆಳೆಯಷ್ಟು ಕೆಳಗೆ. ಗಾಲೊ ಬಂದು ತಾನೂ ಎರಡು ಬೆರಳ ಮೇಲೆ ಎತ್ತಿ ನೋಡಿದ.

"ಮೇಸ್ತ್ರಿ, ನಮ್ಮ ಕ್ಲಬ್ಬಲ್ಲಿ ಇಂಥದ್ದು ಒಂದೂ ಇಲ್ಲ."

"ಮೇಜು ಉಳಿಯುತ್ತಾ ಇಂಜಿನಿಯರ್ರೇ?"

"ಇದು ಹಾರದಿದ್ರೆ ಯಾವುದು ಹಾರುತ್ತೆ ಹೇಳಿ."

ನಮ್ಮ ಕಡೆ ಹೊಸದು ಯಾವುದೂ ಧರ್ಮತಾಯಿಯೋ ಧರ್ಮತಂದೆಯೋ ಇಲ್ಲದೆ ಹೊರಡುವುದಿಲ್ಲ. ಲಾರಿ ಕೊಂಡರೂ ಆಗಬೇಕು, ದೋಣಿ ಮಾಡಿಸಿದರೂ ಆಗಬೇಕು, ಚೆಂಡಾಟದ ಹುಡುಗರಿಗೆ ಹೊಸ ಅಂಗಿ ಹೊಲಿಸಿದರೂ ಆಗಬೇಕು. ಪಾದ್ರಿ ತೀರ್ಥ ಚಿಮುಕಿಸುತ್ತಾರೆ, ಧರ್ಮತಾಯಿ ರಿಬ್ಬನ್ನಿನಲ್ಲಿ ಕನ್ಯಾಮಾತೆಯ ಪದಕ ಕಟ್ಟುತ್ತಾಳೆ. ಪದಕ ಕಟ್ಟಿದ ಮೇಲೆ ಅದನ್ನು ಯಾರೂ ಬಿಚ್ಚುವ ಹಾಗಿಲ್ಲ. ವಿಮಾನಕ್ಕೆ ಧರ್ಮತಾಯಿ ಯಾರೆಂದು ಕೇಳುವ ಪ್ರಶ್ನೆಯೇ ಇರಲಿಲ್ಲ: ದೋನ್ ಬೆಲಿಸಾರಿಯೋ ಅವರ ಹೆಂಡತಿ ದೋನ್ಯಾ ಲೆಯೊನೋರ್. ಒವಿಡಿಯೋಗೂ ಇದು ಗೊತ್ತಿತ್ತು. ಲಾರಿಗೆ ಕಟ್ಟುವ ಹಾಗೆ ಉಗುರಗಲದ ತಗಡಿನ ಪದಕ ಕಟ್ಟುತ್ತಾರೆ, ರೆಕ್ಕೆಯ ನಡುವೆ ಕಟ್ಟಿಸಿದರಾಯಿತು, ನಾಲ್ಕು ಗ್ರಾಂ ಲೆಕ್ಕಕ್ಕಿಲ್ಲ ಎಂದುಕೊಂಡಿದ್ದ.

ಆಗಸ್ಟಿನ ಒಂದು ಮಧ್ಯಾಹ್ನ, ಬಾಳೆತೋಟಕ್ಕೆ ಔಷಧಿ ಹೊಡೆಯುವ ವಿಮಾನ ಇಳಿಯುವ ಪಟ್ಟಿಯಲ್ಲಿ ಎಲ್ಲರೂ ಸೇರಿದರು. ಪಟ್ಟಿ ಸಿಕ್ಕಿದ್ದು ಅರ್ಧ ಗಂಟೆಗೆ. ನಾಲ್ಕೂವರೆಗೆ ಔಷಧಿಯ ವಿಮಾನ ವಾಪಸು ಬರುತ್ತದೆ. ಸಾಮಿಲ್ಲಿನವರೆಲ್ಲ ತೊಳೆದ ಅಂಗಿ ಹಾಕಿಕೊಂಡು ನಿಂತಿದ್ದರು. ಪರದೇಶದ ಖರೀದಿದಾರ ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತಿದ್ದ. ತಾರ್ಹೇಲಿಯಾ ಮದುವೆಗೆ ಉಡುವ ನೀಲಿ ಬಟ್ಟೆಯಲ್ಲಿ ಬಂದಿದ್ದಳು. ಪಾದ್ರಿ ಪ್ರಾರ್ಥನೆ ಹೇಳಿ ಹಳದಿ ರೆಕ್ಕೆಯ ಮೇಲೆ ತೀರ್ಥ ಚಿಮುಕಿಸಿದರು. ಒವಿಡಿಯೋ ಕರವಸ್ತ್ರದಿಂದ ಹನಿಗಳನ್ನು ಮೆಲ್ಲಗೆ ಒರೆಸಿದ.

ದೋನ್ಯಾ ಲೆಯೊನೋರ್ ಕೈಚೀಲ ತೆರೆದು ಪದಕ ತೆಗೆದರು. ಅದು ತಗಡಿನದಲ್ಲ. ಅವರ ಅಜ್ಜಿಯ ಕಾಲದ್ದು, ಹಿತ್ತಾಳೆಯದು, ಬಿಸ್ಕತ್ತಿನಷ್ಟು ಅಗಲ. ಒಂದು ಕಡೆ ಕನ್ಯಾಮಾತೆ, ಇನ್ನೊಂದು ಕಡೆ ಹಡಗು.

"ನೂರು ವರ್ಷದ್ದು," ಎಂದರು. "ಮೊಮ್ಮಕ್ಕಳಿಗೂ ಕೊಟ್ಟಿಲ್ಲ. ಒವಿಡಿಯೋ, ನಿನ್ನ ಕೈಕೆಲಸಕ್ಕೆ ಅಂತ ತಂದೆ."

ಒವಿಡಿಯೋನ ಕಣ್ಣು ಒದ್ದೆಯಾಯಿತು. ಅವರು ಅದನ್ನು ಅವನ ಅಂಗೈ ಮೇಲಿಟ್ಟು, ರಿಬ್ಬನ್ ಬಿಡಿಸತೊಡಗಿದರು. ಕಣ್ಣು ಒದ್ದೆಯಾಗಿದ್ದರೂ ಕೈ ತನ್ನ ಕೆಲಸ ಮಾಡಿತು. ಅರವತ್ತು ಗ್ರಾಂ.

"ದೋನ್ಯಾ, ಮುಂದೆ, ಮೂಗಿನ ಹತ್ರ ಕಟ್ಟಿದ್ರೆ ಚಂದ ಕಾಣುತ್ತೆ," ಎಂದ.

"ಅಯ್ಯೋ, ಅಲ್ಲಿ ಫ್ಯಾನ್ ತಿರುಗುತ್ತಲ್ಲಪ್ಪ! ಕನ್ಯಾಮಾತೆಗೆ ಪೆಟ್ಟಾಗಲ್ವಾ? ಬಾಲಕ್ಕೆ ಕಟ್ಟೋಣ. ರಿಬ್ಬನ್ ಗಾಳಿಗೆ ಆಡುತ್ತೆ. ಹಿಂದಿನಿಂದ ಕಾಯ್ತಾಳೆ ತಾಯಿ."

ಅವರೇ ಬಗ್ಗಿ ಬಾಲಕ್ಕೆ ಮೂರು ಗಂಟು ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೂರು ತಿಂಗಳು ಕೆರೆದು, ಉಜ್ಜಿ, ಆರಿಸಿ ಮಾಡಿದ ಬಾಲಕ್ಕೆ ಅಷ್ಟೇ ತೂಕದ ಇನ್ನೊಂದು ಬಾಲ ಅರೆ ನಿಮಿಷದಲ್ಲಿ ಅಂಟಿಕೊಂಡಿತು.

ಒವಿಡಿಯೋ ವಿಮಾನವನ್ನು ಸರಿಪಡಿಸುವವನ ಹಾಗೆ ಬಗ್ಗಿ, ರೆಕ್ಕೆಗಳ ಕೆಳಗೆ ಎರಡು ಬೆರಳಿಟ್ಟು ಎತ್ತಿದ. ಬಾಲ ಮೆಲ್ಲಗೆ, ಸಂಕೋಚವಿಲ್ಲದೆ ಕೆಳಗಿಳಿಯಿತು. ಬ್ಯಾಟರಿಯನ್ನು ಒಂದು ಗೇಣು ಮುಂದಕ್ಕೆ ಸರಿಸಿದರೆ ಸರಿಹೋಗುತ್ತದೆ. ಅದಕ್ಕೆ ತಾನೇ ಅಂಟಿಸಿದ ಗೋಡೆಯನ್ನು ಕತ್ತರಿಸಬೇಕು.

"ಹತ್ತು ನಿಮಿಷ ಬೇಕಿತ್ತು ದೋನ್ ಬೆಲಿಸಾರಿಯೋ."

"ಯಾಕೆ?"

ಯಾಕೆಂದು ಹೇಳಬೇಕಾದರೆ ಪದಕದ ಹೆಸರೆತ್ತಬೇಕು. ದೋನ್ಯಾ ಲೆಯೊನೋರ್ ಎರಡು ಹೆಜ್ಜೆ ದೂರದಲ್ಲಿ, ಮುಖ ಅರಳಿಸಿಕೊಂಡು ನಿಂತಿದ್ದರು.

"ಒಂದು ಸಣ್ಣ ಕೆಲಸ... ಒಳಗೆ."

"ಆಶೀರ್ವಾದ ಆದ ಮೇಲೆ ಬಿಚ್ಚೋದಾ? ಆಮೇಲೆ ಔಷಧಿ ವಿಮಾನ ನಮ್ಮ ತಲೆ ಮೇಲೆ ಇಳೀಲಿ ಅಂತಲಾ?" ದೋನ್ ಬೆಲಿಸಾರಿಯೋ ಗಡಿಯಾರ ನೋಡಿದರು. "ನಡೀರಿ ನಡೀರಿ."

ಗಾಲೊ ರಿಮೋಟ್ ಹಿಡಿದು ಒವಿಡಿಯೋನತ್ತ ಒಮ್ಮೆ ನೋಡಿದ. ಒವಿಡಿಯೋ ತನ್ನ ಚಪ್ಪಲಿ ನೋಡಿಕೊಂಡ.

ವಿಮಾನ ಹದಿನೈದು ಮೀಟರ್ ಓಡಿ ನೆಲ ಬಿಟ್ಟಿತು. ಬಿಟ್ಟ ತಕ್ಷಣವೇ ಮೂಗು ಆಕಾಶಕ್ಕೆ ತಿರುಗಿತು. ಗಾಲೊ ರಿಮೋಟಿನಲ್ಲಿ ಮೂಗನ್ನು ಕೆಳಗೊತ್ತಿದ, ಇನ್ನೂ ಒತ್ತಿದ, ಅದು ಕೇಳಲಿಲ್ಲ. ತೆಂಗಿನ ಮರದೆತ್ತರದಲ್ಲಿ ಒಂದು ಕ್ಷಣ ನೆಟ್ಟಗೆ ನಿಂತಂತೆ ಕಂಡಿತು, ಹಳದಿ ರೆಕ್ಕೆಯ ಮೂಲಕ ಬಿಸಿಲು ಹಾಯ್ದು ಒಳಗಿನ ಪಕ್ಕೆಲುಬುಗಳೆಲ್ಲ ಎಣಿಸುವಷ್ಟು ಸ್ಪಷ್ಟವಾದವು. ಜನ "ಓ!" ಎಂದು ಸಂತೋಷದಿಂದ ಕೂಗಿದರು. ಆಮೇಲೆ ಎಡರೆಕ್ಕೆ ಬಾಗಿತು, ಸುತ್ತಿಕೊಂಡು ಬಂದು ಪಟ್ಟಿಯ ಮೇಲೆ ಬಡಿಯಿತು. ಹನ್ನೊಂದು ಸೆಕೆಂಡು.

ಮೊದಲು ಓಡಿದವರು ದೋನ್ಯಾ ಲೆಯೊನೋರ್. ಚೂರುಗಳ ನಡುವೆ ಬಗ್ಗಿ ಪದಕ ಎತ್ತಿ ಹಿಡಿದರು. "ನೋಡಿ, ನೋಡಿ! ತಾಯಿಗೆ ಒಂದು ಗೀರೂ ಬಿದ್ದಿಲ್ಲ!" ಎಂದು ಶಿಲುಬೆಯ ಗುರುತು ಮಾಡಿಕೊಂಡರು. ಸುತ್ತ ನಿಂತವರೂ ಮಾಡಿಕೊಂಡರು.

"ಏನಾಯ್ತೋ ಗಾಲೊ?" ಎಂದು ದೋನ್ ಬೆಲಿಸಾರಿಯೋ ಕೇಳಿದರು.

ಗಾಲೊ ಪದಕದ ಕಡೆ ನೋಡಿದ. ಅತ್ತೆಯ ಕಡೆ ನೋಡಿದ. "ರೆಕ್ಕೆಯ ಮರ ತಡೀಲಿಲ್ಲ ಅನ್ಸುತ್ತೆ ಮಾವ. ತುಂಬಾ ಹಗುರ ಆಯ್ತು."

ಒವಿಡಿಯೋ ಮುರಿದ ರೆಕ್ಕೆಯಿಂದ ಮುಖ್ಯ ಪಟ್ಟಿಯನ್ನು ಎಳೆದು ತೆಗೆದ. ತೊಂಬತ್ತು ಸೆಂಟಿಮೀಟರ್ ಉದ್ದಕ್ಕೂ ಒಂದು ಬಿರುಕಿಲ್ಲ; ತುದಿಯಲ್ಲಿ, ನೆಲಕ್ಕೆ ಬಡಿದ ಕಡೆ ಮಾತ್ರ ಸಿಗಿದಿತ್ತು. "ಇದು ಮುರಿದಿಲ್ಲ ನೋಡಿ. ಗಾಳಿಯಲ್ಲಿ ಮುರಿದಿದ್ರೆ ಬುಡದಲ್ಲೇ ಮುರೀಬೇಕಿತ್ತು. ನೋಡಿ ಸ್ವಾಮಿ," ಎಂದು ಒಬ್ಬೊಬ್ಬರಿಗೂ ಚಾಚಿದ. ಖರೀದಿದಾರ ಅದಾಗಲೇ ಕಾರಿನತ್ತ ನಡೆಯುತ್ತಿದ್ದ. ದೋನ್ ಬೆಲಿಸಾರಿಯೋ ಒವಿಡಿಯೋನ ಹೆಗಲು ತಟ್ಟಿದರು, ನೋವಾಗದ ಹಾಗೆ.

"ಹಗುರ ಅಂದ್ರೆ ಬಲ ಇಲ್ಲ ಅಂತಲೇ ಅಲ್ವೇನಪ್ಪ. ಹೋಗ್ಲಿ ಬಿಡು."

ದೋನ್ಯಾ ಲೆಯೊನೋರ್ ಪದಕವನ್ನು ಅವನ ಕೈಗೇ ಕೊಟ್ಟರು. ನೆನಪಿಗಿರಲಿ ಎಂದರು.

ಮನೆಗೆ ಬಂದು ಅಡುಗೆಮನೆಯ ಬಾಗಿಲನ್ನು ಕೀಲಿಗೆ ಏರಿಸುವಾಗ ತಾರ್ಹೇಲಿಯಾ ಕೆಳಗಿನಿಂದ ಹಿಡಿದುಕೊಂಡಿದ್ದಳು.

"ನಿಂಗೆ ಗೊತ್ತಿತ್ತು. ನೀನು ಎತ್ತಿ ನೋಡಿದಾಗ ನಿನ್ನ ಮುಖ ನೋಡಿದೆ ನಾನು. ಯಾಕೆ ಹೇಳ್ಲಿಲ್ಲ?"

"ಹೇಳಿದೆ."

"ಏನು ಹೇಳಿದೆ?"

"ಹತ್ತು ನಿಮಿಷ ಬೇಕು ಅಂದೆ."

"ಅದಾ ಹೇಳೋದು?" ಅವಳು ಬಾಗಿಲು ಬಿಟ್ಟುಬಿಟ್ಟಳು. ಇಡೀ ಭಾರ ಅವನ ತೋಳಿಗೆ ಬಂತು. "ಅವರ ಹೆಂಡ್ತಿಗೆ ಬೇಜಾರಾಗಬಾರ್ದು, ನನ್ನ ಗಂಡ ಅಂಟು ಬಳೀಬೇಕು. ಭಲೇ ನ್ಯಾಯ."

ಮೇಜನ್ನು ಸೋಮವಾರ ತೆಗೆದರು. ಒವಿಡಿಯೋ ಅಂಟಿನ ಶೆಡ್ಡಿಗೆ ಹೋದ. ಬಕೆಟ್ಟಿನ ಮೇಲೆ ನಿಜವಾಗಿಯೂ ಹೆಸರಿತ್ತು. ಕ್ಲೆಬರ್ ಬಣ್ಣದಲ್ಲಿ 'ಪೈಲಟ್' ಎಂದು ಬರೆದಿಟ್ಟಿದ್ದ. ಎಲ್ಲರೂ ನಕ್ಕರು. ಒವಿಡಿಯೋ ಕೂಡ ನಕ್ಕ, ಆದರೆ ಆ ಹೆಸರು ಅಲ್ಲಿಂದ ಅಳಿಯಲಿಲ್ಲ; ಸಂಬಳದ ದಿನ ಕಚೇರಿಯ ಕಿಟಕಿಯಿಂದಲೂ ಅವನನ್ನು ಹಾಗೆಯೇ ಕರೆಯತೊಡಗಿದರು. ಕೈಗವಸು ಕೊಟ್ಟಿದ್ದರು. ಗವಸು ಹಾಕಿದರೆ ಹಲಗೆ ಜಾರುತ್ತದೆ, ಯಾರೂ ಹಾಕುತ್ತಿರಲಿಲ್ಲ. ಹಗುರದ್ದು ಭಾರದ್ದು ಎಲ್ಲ ಒಂದರ ಮೇಲೊಂದು ಬರುತ್ತಿದ್ದವು. ಮೊದಲ ವಾರಗಳಲ್ಲಿ ಅಂಟು ಬಳಿಯುವ ಮುನ್ನ ಪ್ರತಿ ಹಲಗೆಯನ್ನೂ ಅವನ ಕೈ ತಾನಾಗಿ ಒಮ್ಮೆ ಕುಣಿಸುತ್ತಿತ್ತು. ಮೇಲ್ವಿಚಾರಕ ಬೈದ ಮೇಲೆ ಅದೂ ನಿಂತಿತು.

ಮರುವರ್ಷ ಗಾಲೊ ಊರು ಬಿಟ್ಟು ಗ್ವಾಯಾಕಿಲ್‌ನಲ್ಲಿ ಬೇರೆ ಕೆಲಸ ಹಿಡಿದ. ಹೊರಡುವ ಮುಂಚೆ ಒಂದು ಭಾನುವಾರ ಬೆಳಿಗ್ಗೆ ಒವಿಡಿಯೋನ ಮನೆಗೆ ಬಂದ, ಕಂಕುಳಲ್ಲಿ ಅದೇ ಅಳತೆಯ ಪೆಟ್ಟಿಗೆ. ತಾರ್ಹೇಲಿಯಾ ಕಾಫಿ ತಂದಿಟ್ಟು, ಕೂರಿ ಎಂದೂ ಹೇಳದೆ ಒಳಗೆ ಹೋದಳು.

"ಇನ್ನೊಂದು ಕಿಟ್ ತರಿಸಿದೀನಿ ಮೇಸ್ತ್ರಿ. ನನಗೋಸ್ಕರ. ನೀವು ಮರ ಆರಿಸಿ ಕೊಡ್ತೀರಾ?"

ಒವಿಡಿಯೋ ಪೆಟ್ಟಿಗೆ ನೋಡಿದ.

"ಆವತ್ತು ನೆಲ ಬಿಟ್ಟ ತಕ್ಷಣ ನನ್ನ ಬೆರಳಿಗೇ ಗೊತ್ತಾಯ್ತು," ಎಂದ ಗಾಲೊ. "ಅಲ್ಲ, ಅದಕ್ಕೂ ಮೊದ್ಲೇ. ನೀವು ಎರಡು ಬೆರಳ ಮೇಲೆ ಎತ್ತಿದಾಗ ಬಾಲ ಇಳಿದದ್ದನ್ನ ನೋಡಿದ್ದೆ. ನೀವು ಹೇಳ್ತೀರಿ ಅಂತ ಕಾದೆ."

"ನಾನು ನೀವು ಹೇಳ್ತೀರಿ ಅಂತ ಕಾದೆ ಇಂಜಿನಿಯರ್ರೇ. ಅವರು ನಿಮ್ಮ ಅತ್ತೆ."

"ಅದಕ್ಕೇ ಹೇಳೋಕಾಗ್ಲಿಲ್ಲ."

"ಹ್ಞಾಂ," ಎಂದ ಒವಿಡಿಯೋ. "ಮರದ ಮೇಲೆ ತಪ್ಪು ಹೇಳೋಕೆ ಆಯ್ತು."

ಗಾಲೊನ ಕಾಫಿ ಲೋಟ ಕೈಯಲ್ಲೇ ಉಳಿಯಿತು. ಪದಕ ಅವನ ತಲೆಯ ಹಿಂದೆ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಅವನು ತಿರುಗಿ ನೋಡಲಿಲ್ಲ.

ಬೈದು ಕಳಿಸಬೇಕೆಂದು ಒವಿಡಿಯೋಗೆ ಅನ್ನಿಸಲಿಲ್ಲ ಎಂದಲ್ಲ. ಆದರೆ ಪೆಟ್ಟಿಗೆ ಎದುರಿಗಿತ್ತು. ಮುಚ್ಚಳ ತೆಗೆದು, ಮೇಲಿನ ಹಾಳೆಯನ್ನು ಎತ್ತಿ ಅಂಗೈ ಮೇಲೆ ಮಲಗಿಸಿದ. ಕುಣಿಸಿದ. ಒಮ್ಮೆ ತಟ್ಟಿದ. ಹೆಬ್ಬೆರಳನ್ನು ಅಂಚಿಗೆ ಒತ್ತಿದ. ಹುರುಪೆ ಕಟ್ಟಿದ ಚರ್ಮ ಮರವನ್ನು ಮುಟ್ಟಿತು, ಮುಟ್ಟಿದೆ ಎಂಬುದಷ್ಟೇ ಅವನಿಗೆ ತಿಳಿಯಿತು. ಬಲಗೈಯಿಂದ ಎಡಗೈಗೆ ಬದಲಿಸಿದ. ಇಪ್ಪತ್ತೈದಿರಬಹುದು. ನಲವತ್ತೂ ಇರಬಹುದು. ಕಣ್ಣು ಮುಚ್ಚಿ ಇನ್ನೊಮ್ಮೆ ಕುಣಿಸಿದ.

ಗಾಲೊ ಕಾಯುತ್ತ ಕೂತಿದ್ದ. "ಹೇಗಿದೆ ಮೇಸ್ತ್ರಿ? ಹಗುರದ್ದಾ?"

ಒವಿಡಿಯೋ ಹಾಳೆಯನ್ನು ಮೊದಲಿದ್ದ ಜಾಗದಲ್ಲೇ, ಅಂಚಿಗೆ ಅಂಚು ಹೊಂದಿಸಿ ಇಟ್ಟು ಮುಚ್ಚಳ ಹಾಕಿದ.

"ಒಂದು ತಕ್ಕಡಿ ತಗೊಳ್ಳಿ," ಎಂದ.